ಕಾಗದದಿಂದ ಎದ್ದು ಬಂದ ಯುನಿಕ್ಸ್

ಭಾಗ 1/7: ಅಜ್ಜ ಎಲ್ಲಿ ಹೋದ?

ನಿಮ್ಮ ಕೈಲಿರೋ ಫೋನ್ ಆಂಡ್ರಾಯ್ಡ್ ಆದ್ರೆ ಅದರ ಒಳಗೆ ಲಿನಕ್ಸ್ ಇದೆ. ಐಫೋನ್ ಆದ್ರೆ ಅದರ ಬೇರು ಬಿಎಸ್‌ಡಿ ಅನ್ನೋ ಯುನಿಕ್ಸ್ ಶಾಖೆಯಲ್ಲಿದೆ. ಲಿನಕ್ಸ್ ಯುನಿಕ್ಸ್‌ನ ಕೋಡ್ ನಕಲು ಮಾಡಿದ್ದಲ್ಲ, ಅದರ ನಡೆ ನುಡಿ ಕಲಿತು 1991ರಲ್ಲಿ ಹೊಸದಾಗಿ ಬರೆದದ್ದು. ಹೇಗೇ ಲೆಕ್ಕ ಹಾಕಿದರೂ ಎರಡೂ ಮನೆಗೆ ಅಜ್ಜ ಒಬ್ಬನೇ: ಯುನಿಕ್ಸ್.

ಇಷ್ಟು ದೊಡ್ಡ ವಂಶದ ಅಜ್ಜ ಅಂದ್ಮೇಲೆ ಅವನ ಮೊದಲ ರೂಪವನ್ನ ಯಾರಾದ್ರೂ ಜೋಪಾನವಾಗಿ ಇಟ್ಟಿರಬೇಕು ಅಲ್ವಾ? ಇಟ್ಟಿರಲಿಲ್ಲ. 1971ರ ಮೊದಲ ಆವೃತ್ತಿಯ ಯುನಿಕ್ಸ್ ಓಡುವ ಸ್ಥಿತಿಯಲ್ಲಿ ಎಲ್ಲೂ ಉಳಿದಿರಲಿಲ್ಲ. 2008ರಲ್ಲಿ ಕೆಲವು ಹವ್ಯಾಸಿಗಳು ಒಂದು ಹಳೇ ಪ್ರಿಂಟ್‌ಔಟ್‌ನ ಸ್ಕ್ಯಾನ್ ಹಿಡ್ಕೊಂಡು ಕೂತು ಅದನ್ನ ಮತ್ತೆ ಎಬ್ಬಿಸಿದರು.

ಬಿಕಾಂ ಹುಡುಗನಿಗೆ ಇದರಲ್ಲೇನು ಕೆಲಸ ಅಂತ ಕೇಳಬೇಡಿ. ಅವರು ಮಾಡಿದ ಕೆಲಸ ಮುಕ್ಕಾಲು ಪಾಲು ಆಡಿಟಿಂಗ್. ದಾಖಲೆ ಯಾವುದು, ಯಾವ ವರ್ಷದ್ದು, ಇನ್ನೊಂದು ದಾಖಲೆಗೆ ತಾಳೆ ಆಗುತ್ತಾ, ತಿದ್ದಿದ್ದು ಎಲ್ಲಿ, ಇವೇ ಪ್ರಶ್ನೆಗಳು. ಏಳು ಪೋಸ್ಟ್‌ಗಳಲ್ಲಿ ಪೂರ್ತಿ ಕಥೆ ಹೇಳ್ತೀನಿ. ಸೇವ್ ಮಾಡ್ಕೊಳ್ಳಿ.

ಭಾಗ 2/7: ಮೂಲೆಯಲ್ಲಿದ್ದ ಮೆಷಿನ್

1969. ಅಮೆರಿಕದ ನ್ಯೂಜೆರ್ಸಿ, ಮರ್ರೇ ಹಿಲ್‌ನ ಬೆಲ್ ಲ್ಯಾಬ್ಸ್. ಮಲ್ಟಿಕ್ಸ್ ಅನ್ನೋ ಭಾರೀ ಆಪರೇಟಿಂಗ್ ಸಿಸ್ಟಮ್ ಯೋಜನೆಯಿಂದ ಬೆಲ್ ಲ್ಯಾಬ್ಸ್ ಆ ವರ್ಷ ಹೊರಗೆ ಬಂತು. ಅದರಲ್ಲಿ ಕೆಲಸ ಮಾಡ್ತಿದ್ದ ಕೆನ್ ಥಾಂಪ್ಸನ್ ಅವರಿಗೆ ಯಾರೂ ಹೆಚ್ಚು ಬಳಸದ ಒಂದು ಪಿಡಿಪಿ-7 ಕಂಪ್ಯೂಟರ್ ಸಿಕ್ಕಿತು. ಡಿಇಸಿ ಕಂಪನಿ ಆ ಮಾದರಿಯನ್ನ ಮಾಡಿದ್ದೇ ಒಟ್ಟು 120. ಥಾಂಪ್ಸನ್ ಮೊದಲು ಅದರಲ್ಲಿ ಓಡಿಸಿದ್ದು ಸ್ಪೇಸ್ ಟ್ರಾವೆಲ್ ಅನ್ನೋ ಗೇಮ್. ಆಮೇಲೆ ಅದೇ ಮೆಷಿನ್‌ಗೆ ಕೆಲವೇ ವಾರಗಳಲ್ಲಿ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆದರು. ಜೊತೆಗಿದ್ದವರು ಡೆನ್ನಿಸ್ ರಿಚಿ. ಮುಂದೆ ಸಿ ಭಾಷೆ ಮಾಡಿದ್ದು ಇವರೇ.

ಹೊಸ ಮೆಷಿನ್ ಬೇಕು ಅಂತ ಕೇಳಿದರೆ ಮೇಲಿನವರು ಸುಮ್ಮನೆ ದುಡ್ಡು ಕೊಡ್ತಾರಾ? ಪೇಟೆಂಟ್ ವಿಭಾಗದ ಅರ್ಜಿಗಳನ್ನ ಟೈಪ್ ಮಾಡಿ ಜೋಡಿಸೋ ಕೆಲಸಕ್ಕೆ ಅಂತ ಕಾರಣ ಕೊಟ್ಟು ಪಿಡಿಪಿ-11/20 ತರಿಸಿಕೊಂಡರು. ಅದರ ಮೆಮೊರಿ 24 ಕೆಬಿ. ಅದರಲ್ಲಿ 16 ಕೆಬಿ ಸಿಸ್ಟಮ್‌ಗೆ, 8 ಕೆಬಿ ಬಳಸುವವರ ಪ್ರೋಗ್ರಾಂಗೆ. ಡಿಸ್ಕ್ 512 ಕೆಬಿ. ನಿಮ್ಮ ಫೋನ್ ತೆಗೆಯೋ ಒಂದೇ ಒಂದು ಫೋಟೋ 2–3 ಎಂಬಿ ಇರುತ್ತೆ. ಆ ಒಂದು ಫೋಟೋ ಇಡೋಕೂ ಅಲ್ಲಿ ಜಾಗ ಇರಲಿಲ್ಲ. ಪೇಟೆಂಟ್ ಆಫೀಸಿನ ಟೈಪಿಸ್ಟ್‌ಗಳು ಅಷ್ಟರಲ್ಲೇ ಕೆಲಸ ಮಾಡಿದರು.

ಮೊದಲ ಕೈಪಿಡಿಯ ತಾರೀಖು 1971ರ ನವೆಂಬರ್ 3.

ಭಾಗ 3/7: ಕಳೆದುಹೋಗಿದ್ದು ಹೇಗೆ?

ಇಲ್ಲಿ ಸ್ವಲ್ಪ ಬಿಸಿನೆಸ್ ಲಾ ಬರುತ್ತೆ. ಬೆಲ್ ಲ್ಯಾಬ್ಸ್‌ನ ಒಡೆಯ ಎಟಿ ಆ್ಯಂಡ್ ಟಿ, ಅಮೆರಿಕದ ಟೆಲಿಫೋನ್ ದೈತ್ಯ. 1956ರಲ್ಲಿ ಏಕಸ್ವಾಮ್ಯದ ಕೇಸ್ ಒಂದು ಒಪ್ಪಂದದ ತೀರ್ಪಿನಲ್ಲಿ ಮುಗಿದಿತ್ತು. ಟೆಲಿಫೋನ್ ಬಿಟ್ಟು ಬೇರೆ ವ್ಯಾಪಾರಕ್ಕೆ ಕೈ ಹಾಕಬಾರದು ಅನ್ನೋದು ಅದರ ಷರತ್ತು. ಹಾಗಾಗಿ ಯುನಿಕ್ಸ್ ಅನ್ನು ಒಂದು ಮಾಲಾಗಿ ಮಾರೋ ಹಾಗಿರಲಿಲ್ಲ. ಯೂನಿವರ್ಸಿಟಿಗಳಿಗೆ ಸಣ್ಣ ಶುಲ್ಕಕ್ಕೆ ಕೊಟ್ಟರು. ರಿಪೇರಿ, ಸಪೋರ್ಟ್ ಎಲ್ಲಾ ನಿಮ್ಮದೇ ಅಂದರು.

ಮಾರೋ ಮಾಲಿಗಾದ್ರೆ ಸ್ಟಾಕ್ ರಿಜಿಸ್ಟರ್ ಇರುತ್ತೆ. ಇದು ಕೆಲಸದ ಉಪಕರಣ. ಹೊಸದು ಬಂತು ಅಂದ್ರೆ ಹಳೇದು ಅಳಿಸಿತು. ಟೇಪ್ ಅನ್ನೋದು ಮತ್ತೆ ಬರೆಯಬಹುದಾದ ವಸ್ತು ಬೇರೆ.

ಇನ್ನೊಂದು ತೊಡಕು ಗಮನಿಸಿ. ಮೊದಲ ಆವೃತ್ತಿ, ಎರಡನೇ ಆವೃತ್ತಿ ಅಂತೀವಲ್ಲ, ಅವು ಸಾಫ್ಟ್‌ವೇರ್‌ನ ನಂಬರ್ ಅಲ್ಲ, ಕೈಪಿಡಿಯ ಮುದ್ರಣದ ನಂಬರ್. ಮೊದಲನೇದು ನವೆಂಬರ್ 1971, ಎರಡನೇದು ಜೂನ್ 1972, ಮೂರನೇದು ಫೆಬ್ರವರಿ 1973, ನಾಲ್ಕನೇದು ನವೆಂಬರ್ 1973. ಇವುಗಳ ಮಧ್ಯೆ ಕೋಡ್ ಸುಮ್ಮನೆ ಬದಲಾಗ್ತಾನೇ ಇತ್ತು. ಕಾದಂಬರಿ ಪ್ರಿಂಟಾದ ದಿನ ನಿಲ್ಲುತ್ತೆ, ದಿನಸಿ ಅಂಗಡಿಯ ಖಾತೆ ಪುಸ್ತಕ ನಿಲ್ಲುತ್ತಾ? ಹಾಗಾಗಿ ಹಳೇ ಕೋಡಿನ ತುಂಡು ಸಿಕ್ಕಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಇದು ಓಡುತ್ತಾ’ ಅಲ್ಲ. ‘ಇದು ಯಾವಾಗಿನದು?’

ಭಾಗ 4/7: ಕಾಗದ ಸಿಕ್ಕಿತು

2006ರಲ್ಲಿ ಅಮೆರಿಕದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನ ಆಲ್ ಕೊಸೊ ಒಂದು ಹಳೇ ದಾಖಲೆ ಪತ್ತೆ ಮಾಡಿ ಸ್ಕ್ಯಾನ್ ಹಾಕಿದರು. ಬೆಲ್ ಲ್ಯಾಬ್ಸ್‌ನಲ್ಲೇ 1972ರ ಜೂನ್‌ನಲ್ಲಿ ತಯಾರಾದದ್ದು. ಯುನಿಕ್ಸ್ ಒಳಗೆ ಹೇಗೆ ಕೆಲಸ ಮಾಡುತ್ತೆ ಅಂತ ವಿವರಿಸೋ ಟಿಪ್ಪಣಿ. ಅದರ ಜೊತೆ ಕರ್ನಲ್‌ನ ಕೋಡ್ ಪೂರ್ತಿ ಪ್ರಿಂಟ್ ಆಗಿತ್ತು! ಕರ್ನಲ್ ಅಂದ್ರೆ ಮೆಮೊರಿ, ಡಿಸ್ಕ್, ಪ್ರೋಗ್ರಾಂ ಎಲ್ಲವನ್ನೂ ನಿಭಾಯಿಸೋ ಒಳಗಿನ ತಿರುಳು. ಆಗ ಅದು ಸಿ ಭಾಷೆಯಲ್ಲಿ ಇರಲಿಲ್ಲ, ಪಿಡಿಪಿ-11ರ ಅಸೆಂಬ್ಲಿಯಲ್ಲಿತ್ತು.

2008ರಲ್ಲಿ ಆಸ್ಟ್ರೇಲಿಯಾದ ವಾರೆನ್ ಟೂಮಿ ಮತ್ತು ಗೆಳೆಯರು ಕೆಲಸಕ್ಕೆ ಇಳಿದರು. ಟೂಮಿ ಯುನಿಕ್ಸ್ ಹೆರಿಟೇಜ್ ಸೊಸೈಟಿ ಕಟ್ಟಿದವರು. ಸ್ಕ್ಯಾನ್ ಮಾಡಿದ ಪುಟಗಳನ್ನ ಓಸಿಆರ್‌ನಿಂದ ಅಕ್ಷರವಾಗಿಸೋದು, ಆಮೇಲೆ ಮನುಷ್ಯರು ಕೂತು ಪ್ರತಿ ಸಾಲನ್ನೂ ಪುಟದ ಜೊತೆ ತಾಳೆ ನೋಡೋದು. ಕಾಗುಣಿತ ತಪ್ಪಿದ ಪತ್ರವನ್ನ ಹೇಗೋ ಓದ್ಕೋಬಹುದು. ಅಸೆಂಬ್ಲಿಯಲ್ಲಿ ಒಂದು ಅಂಕಿ ತಪ್ಪಿದರೆ ಸಿಸ್ಟಮ್ ಎಲ್ಲಿಗೋ ಹಾರಿ ಸತ್ತು ಬೀಳುತ್ತೆ. ನಮ್ಮ ಸಿಲಬಸ್‌ನಲ್ಲಿ ಇದಕ್ಕೆ ಹೆಸರು ವೌಚಿಂಗ್: ಪುಸ್ತಕದ ಎಂಟ್ರಿಗೂ ಮೂಲ ವೋಚರ್‌ಗೂ ಒಂದೊಂದಾಗಿ ಟಿಕ್.

ಅಕ್ಷರ ಸಿಕ್ಕಿತು. ಅದನ್ನ ಮೆಷಿನ್ ಭಾಷೆಗೆ ಇಳಿಸೋಕೆ ಅಸೆಂಬ್ಲರ್ ಬೇಕು. 1979ರ ಏಳನೇ ಆವೃತ್ತಿಯ ಅಸೆಂಬ್ಲರ್ ಉಳಿದಿತ್ತು, ಅದನ್ನ ಬಳಸಿದರು. ಅಜ್ಜನ ಮಾತು ಮೊಮ್ಮಗನಿಗೆ ಅರ್ಥವಾಯಿತು. ಓಡಿಸಿದ್ದು ಸಿಮ್‌ಎಚ್ ಅನ್ನೋ ಎಮ್ಯುಲೇಟರ್‌ನಲ್ಲಿ, ಅಂದ್ರೆ ಇವತ್ತಿನ ಕಂಪ್ಯೂಟರ್ ಒಳಗೆ ಪಿಡಿಪಿ-11ರ ವೇಷ ಹಾಕೋ ಪ್ರೋಗ್ರಾಂನಲ್ಲಿ. ಆ ವೇಷವೂ ಸಾಲಲಿಲ್ಲ. ಹಳೇ ಮೆಷಿನ್‌ಗೆ ಗುಣಾಕಾರ ಭಾಗಾಕಾರಕ್ಕೆ ಅಂತ ಬೇರೆಯೇ ಒಂದು ಯೂನಿಟ್ ಇರ್ತಿತ್ತು, ಕರ್ನಲ್ ಅದನ್ನ ಕೇಳ್ತಿತ್ತು. ಎಮ್ಯುಲೇಟರ್‌ಗೆ ಅದನ್ನೂ ಬರೆದು ಸೇರಿಸಿದರು.

ಭಾಗ 5/7: 0405 ಮತ್ತು 0407

ಕರ್ನಲ್ ಎದ್ದಿತು. ಆದ್ರೆ ಕರ್ನಲ್ ಒಂದೇ ಇದ್ರೆ ಏನೂ ಮಾಡೋಕಾಗಲ್ಲ. ಫೈಲ್ ಪಟ್ಟಿ ತೋರಿಸೋಕೆ, ನಕಲು ಮಾಡೋಕೆ, ಆಜ್ಞೆ ಕೇಳೋಕೆ ಸಣ್ಣ ಸಣ್ಣ ಪ್ರೋಗ್ರಾಂ ಬೇಕು. ಪ್ರಿಂಟ್‌ಔಟ್‌ನಲ್ಲಿ ಅವು ಇರಲಿಲ್ಲ. ಡೆನ್ನಿಸ್ ರಿಚಿ ಅವರಿಂದ ಬಂದಿದ್ದ ಹಳೇ ಟೇಪ್‌ಗಳಲ್ಲಿ ಒಂದರ ತುಂಬ ಅಂಥ ಪ್ರೋಗ್ರಾಂಗಳಿದ್ದವು. ಹಾಕಿದರು. ಓಡಲಿಲ್ಲ.

ಕಾರಣ ಮೊದಲ ಎರಡು ಬೈಟ್‌ಗಳಲ್ಲಿತ್ತು. ಪ್ರಿಂಟ್‌ಔಟ್‌ನ ಕರ್ನಲ್ ಪ್ರೋಗ್ರಾಂ ಫೈಲಿನ ತಲೆಯಲ್ಲಿ 0405 ಅನ್ನೋ ಸಂಖ್ಯೆ ಹುಡುಕುತ್ತೆ. ಟೇಪಿನ ಫೈಲ್‌ಗಳಲ್ಲಿ ಇದ್ದದ್ದು 0407. ಇದು ಸುಮ್ಮನೆ ಹಾಕಿದ ಸೀಲ್ ಅಲ್ಲ. ಪಿಡಿಪಿ-11ರಲ್ಲಿ 0405 ಅಂದ್ರೆ ‘12 ಬೈಟ್‌ನ ತಲೆಬರಹ ದಾಟಿ ಮುಂದೆ ಹೋಗು’ ಅನ್ನೋ ನಿಜವಾದ ಆಜ್ಞೆ. 0407 ಅಂದ್ರೆ 16 ಬೈಟ್ ದಾಟು. ಅಂದ್ರೆ ಎರಡನೇ ಆವೃತ್ತಿಯ ಹೊತ್ತಿಗೆ ತಲೆಬರಹ ಉದ್ದ ಆಗಿತ್ತು. ಎರಡು ಬೈಟ್ ನೋಡಿ ಇದು ಅಣ್ಣ, ಇದು ತಮ್ಮ ಅಂತ ಗುರುತು ಹಿಡಿಯಬಹುದು.

ಫೈಲ್ ಮೇಲೆ ತಾರೀಖು ಇರುತ್ತಲ್ಲ, ಅದನ್ನೇ ನೋಡಬಹುದಿತ್ತು ಅಂತೀರಾ? ಅದು ಇನ್ನೂ ಮಜಾ. ಆಗಿನ ಯುನಿಕ್ಸ್ ಗಡಿಯಾರ 1971ರ ಜನವರಿ 1ರಿಂದ ಸೆಕೆಂಡಿನ ಅರವತ್ತನೇ ಒಂದು ಭಾಗ ಲೆಕ್ಕದಲ್ಲಿ ಎಣಿಸ್ತಿತ್ತು. 32 ಬಿಟ್ ಜಾಗದಲ್ಲಿ ಹಾಗೆ ಎಣಿಸಿದರೆ ಸುಮಾರು ಎರಡೂಕಾಲು ವರ್ಷಕ್ಕೆ ಜಾಗ ತುಂಬಿಹೋಗುತ್ತೆ. ಕೈಪಿಡಿಯೇ ಇದನ್ನ ಒಪ್ಪಿಕೊಂಡಿತ್ತು. ತುಂಬುವ ಮೊದಲು ಎಣಿಕೆ ಶುರುವಾಗೋ ವರ್ಷವನ್ನೇ ಮುಂದೆ ತಳ್ಳುತ್ತಿದ್ದರು. ಹಾಗಾಗಿ ಫೈಲಿನ ಮೇಲಿನ ಸಂಖ್ಯೆ ಮಾತ್ರ ನೋಡಿದರೆ 1972ರದ್ದಾ 1973ರದ್ದಾ ಗೊತ್ತಾಗಲ್ಲ. ತಾರೀಖು ಇದೆ, ಇಸವಿ ಇಲ್ಲ. ಆಗ ಕೈಪಿಡಿಯ ಯಾವ ಮುದ್ರಣದ ವಿವರಕ್ಕೆ ಆ ಫೈಲ್ ಹೊಂದುತ್ತೆ ಅಂತ ನೋಡಿ ನಿರ್ಧರಿಸಬೇಕು. ಒಂದು ಸಾಕ್ಷಿಯನ್ನ ಇನ್ನೊಂದು ಸಾಕ್ಷಿಯಿಂದ ಪರೀಕ್ಷಿಸೋದು.

ಭಾಗ 6/7: ಮೂಲ ಅಂದ್ರೆ ಯಾವುದು?

ಟೇಪಿನ ಪ್ರೋಗ್ರಾಂ ಓಡಲಿ ಅಂತ ಕರ್ನಲ್‌ಗೆ 0407 ಅರ್ಥವಾಗೋ ಹಾಗೆ ತಿದ್ದಿದರು. ಓಡಿತು. ಈಗ ನಿಜವಾದ ಪ್ರಶ್ನೆ: ಕರ್ನಲ್ ಮೊದಲ ಆವೃತ್ತಿದು, ಪ್ರೋಗ್ರಾಂಗಳು ಎರಡನೇ ಕಾಲದವು, ಮಧ್ಯೆ 2008ರ ತೇಪೆ. ಇದನ್ನ ಮೂಲ ಅನ್ನಬಹುದಾ?

ಅವರು ಇದಕ್ಕೆ ವಾದ ಮಾಡ್ತಾ ಕೂರಲಿಲ್ಲ, ಲೆಕ್ಕ ಇಟ್ಟರು. ಕಾಗದದಲ್ಲಿ ಇದ್ದದ್ದು ಇದ್ದ ಹಾಗೇ ಒಂದು ಫೋಲ್ಡರ್. ತಮ್ಮ ತಿದ್ದುಪಡಿಗಳು ಬೇರೆ ಫೋಲ್ಡರ್. ಎರಡೂ ಸೇರಿ ತಯಾರಾದದ್ದು ಮತ್ತೊಂದು. ಅಕೌಂಟ್ಸ್ ಕ್ಲಾಸಲ್ಲಿ ಮೊದಲ ಸೆಮ್‌ನಿಂದ ಹೇಳ್ತಾರಲ್ಲ, ತಪ್ಪು ಎಂಟ್ರಿಯನ್ನ ವೈಟ್ನರ್ ಹಾಕಿ ಅಳಿಸಬೇಡಿ, ರೆಕ್ಟಿಫಿಕೇಶನ್ ಎಂಟ್ರಿ ಪಾಸ್ ಮಾಡಿ ಅಂತ. ಅದೇ ಇದು. ಜೀರ್ಣೋದ್ಧಾರ ಮಾಡಿದವನು ಹೊಸ ಕಲ್ಲು ಯಾವುದು ಅಂತ ಹೇಳಿದರೆ ಹಳೇ ಗುಡಿಗೆ ಮೋಸ ಆಗಲ್ಲ. ಹೇಳದೆ ಬಣ್ಣ ಬಳಿದರೆ ಆಗುತ್ತೆ.

ಇದಕ್ಕೂ ಹಿಂದಿನ ಪಿಡಿಪಿ-7 ಯುನಿಕ್ಸ್ ಕಥೆಯೂ ಹೀಗೇ. ಬೆಲ್ ಲ್ಯಾಬ್ಸ್‌ನಲ್ಲಿ ಹಿಂದೆ ಕೆಲಸ ಮಾಡಿದ್ದ ನಾರ್ಮನ್ ವಿಲ್ಸನ್ ಬಳಿ ಆ ಕೋಡಿನ ಪ್ರಿಂಟ್ ಪುಟಗಳು ಉಳಿದಿದ್ದವು. 2016ರಲ್ಲಿ ಟೂಮಿ ಮತ್ತಿತರರು ಅದನ್ನ ಎಬ್ಬಿಸಿದರು. ಶೆಲ್, ಅಂದ್ರೆ ನಮ್ಮ ಆಜ್ಞೆ ಕೇಳಿಸ್ಕೊಳ್ಳೋ ಪ್ರೋಗ್ರಾಂ, ಆ ಪುಟಗಳಲ್ಲಿ ಇರಲಿಲ್ಲ. ಹೊಸದು ಬರೆದರು, ಹೊಸದು ಅಂತ ಹೇಳಿದರು ಕೂಡ. 2019ರಲ್ಲಿ ಸಿಯಾಟಲ್‌ನ ಲಿವಿಂಗ್ ಕಂಪ್ಯೂಟರ್ಸ್ ಮ್ಯೂಸಿಯಂನಲ್ಲಿ ಅದು ಎಮ್ಯುಲೇಟರ್ ಅಲ್ಲ, ನಿಜವಾದ ಪಿಡಿಪಿ-7 ಮೇಲೆ ಓಡಿತು. ಆ ಕಾಲದ ಡಿಸ್ಕ್ ಇರಲಿಲ್ಲ, ಅದರ ಹಾಗೇ ನಟಿಸೋ ಹೊಸ ಬೋರ್ಡ್ ಜೋಡಿಸಿದ್ದರು. ಮರುವರ್ಷ ಆ ಮ್ಯೂಸಿಯಂ ಬಾಗಿಲು ಮುಚ್ಚಿತು, 2024ರಲ್ಲಿ ಅಲ್ಲಿನ ಎಷ್ಟೋ ವಸ್ತುಗಳು ಹರಾಜಾದವು. ಕೋಡ್ ಮಾತ್ರ ಈಗ ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಕಾನೂನು? 2002ರಲ್ಲೇ ಹಕ್ಕು ಹೊಂದಿದ್ದ ಕಾಲ್ಡೆರಾ ಕಂಪನಿ ಹಳೇ ಯುನಿಕ್ಸ್ ಆವೃತ್ತಿಗಳನ್ನ ಮುಕ್ತ ಲೈಸೆನ್ಸ್‌ನಲ್ಲಿ ಬಿಟ್ಟಿತ್ತು. ಆ ಒಂದು ಪತ್ರ ಇಲ್ಲದಿದ್ದರೆ ಈ ಜೀರ್ಣೋದ್ಧಾರವನ್ನ ಬಹಿರಂಗವಾಗಿ ಹಂಚೋದು ಕಷ್ಟ ಇತ್ತು.

ಭಾಗ 7/7: ಚೀಟಿ ಅಂಟಿಸಿ

ಕೊನೇ ಕಥೆ ತೀರಾ ಇತ್ತೀಚಿನದು. 2025ರಲ್ಲಿ ಅಮೆರಿಕದ ಯೂಟಾ ಯೂನಿವರ್ಸಿಟಿಯಲ್ಲಿ ಸ್ಟೋರ್‌ರೂಮ್ ಕ್ಲೀನ್ ಮಾಡುವಾಗ ಒಂದು ಟೇಪ್ ಸಿಕ್ಕಿತು. ಮೇಲೆ ಕೈಬರಹದ ಚೀಟಿ: ಬೆಲ್ ಲ್ಯಾಬ್ಸ್‌ನ ಮೂಲ ಯುನಿಕ್ಸ್, ವಿ4. ಅಂದ್ರೆ 1973ರ ನಾಲ್ಕನೇ ಆವೃತ್ತಿ, ಕರ್ನಲ್ ಅನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದದ್ದು. ಅಲ್ಲೀವರೆಗೆ ಪೂರ್ತಿ ಪ್ರತಿ ಎಲ್ಲೂ ಇರಲಿಲ್ಲ. ಟೇಪನ್ನ ಕಾರಿನಲ್ಲಿ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂಗೆ ಒಯ್ದರು. ಹಳೇ ಟೇಪನ್ನ ಮತ್ತೆ ಮತ್ತೆ ಓಡಿಸಿದರೆ ಹಾಳಾಗಬಹುದು. ಹಾಗಾಗಿ ಅದರ ಕಾಂತೀಯ ಸಂಕೇತವನ್ನ ಇದ್ದ ಹಾಗೇ ರೆಕಾರ್ಡ್ ಮಾಡ್ಕೊಂಡು ಅಕ್ಷರ ಬಿಡಿಸೋ ಕೆಲಸವನ್ನ ಆಮೇಲೆ ಸಾಫ್ಟ್‌ವೇರ್‌ಗೆ ಬಿಟ್ಟರು. ಓದಿದ್ದು ಅದೇ ಆಲ್ ಕೊಸೊ ಮತ್ತು ಲೆನ್ ಶುಸ್ಟೆಕ್. ಡಿಸೆಂಬರ್‌ನಲ್ಲಿ ಕೋಡ್ ಹೊರಬಂತು.

ಆ ಚೀಟಿ ಇಲ್ಲದಿದ್ದರೆ? ಕಸದ ಜೊತೆ ಹೋಗೋ ಸಾಧ್ಯತೆಯೇ ಹೆಚ್ಚು.

ಇದು ದೂರದ ಮಾತಲ್ಲ. ಯೂನಿಕೋಡ್ ಬರೋ ಮೊದಲಿನ ನುಡಿ, ಬರಹ ಫೈಲ್ ಒಂದನ್ನ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಕನ್ನಡದ ಬದಲು ಅರ್ಥವಿಲ್ಲದ ಅಕ್ಷರಗಳ ಗುಂಪು ಕಾಣುತ್ತೆ. ಫೈಲ್ ಕೆಟ್ಟಿಲ್ಲ. ಅದು ಯಾವ ಎನ್‌ಕೋಡಿಂಗ್ ಅಂತ ಹೇಳೋರು ಇಲ್ಲ, ಅಷ್ಟೇ. 0405 ಹುಡುಕೋ ಕರ್ನಲ್‌ಗೆ 0407 ಕೊಟ್ಟ ಹಾಗೆ. ಎಷ್ಟೋ ಜಿಲ್ಲೆಯ ಸ್ಮರಣ ಸಂಚಿಕೆ, ಕಾಲೇಜ್ ಮ್ಯಾಗಜಿನ್, ನಾಟಕದ ಸ್ಕ್ರಿಪ್ಟ್ ಆ ರೂಪದಲ್ಲೇ ಹಳೇ ಸಿಡಿಗಳಲ್ಲಿ ಕೂತಿವೆ.

ಈ ಏಳು ಭಾಗದ ಲೆಕ್ಕ ಕೂಡಿಸಿದರೆ ಉಳಿಯೋದು ಇಷ್ಟು. ಯುನಿಕ್ಸ್ ಅನ್ನ ಅದರ ಕಂಪನಿ ಉಳಿಸಲಿಲ್ಲ. ಪ್ರಿಂಟ್ ತೆಗೆದವರು, ಅದನ್ನ ಎಸೆಯದವರು, ಚೀಟಿ ಅಂಟಿಸಿದವರು, ಸಾಲು ಸಾಲು ತಾಳೆ ನೋಡಿದವರು ಉಳಿಸಿದರು. ಇವರಲ್ಲಿ ಮೊದಲ ಮೂರು ಕೆಲಸಕ್ಕೆ ಕೋಡಿಂಗ್ ಬರಬೇಕಾಗಿಲ್ಲ. ಪೆನ್ನು ಸಾಕು.

ಮನೇಲಿ ಹಳೇ ಸಿಡಿ, ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ಇದ್ದರೆ ಈ ಭಾನುವಾರ ತೆಗೀರಿ. ಒಳಗೇನಿದೆ, ಯಾವ ವರ್ಷದ್ದು, ಯಾವ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು, ಈ ಮೂರು ಸಾಲು ಬರೆದು ಅಂಟಿಸಿ. ಇನ್ನೊಂದು ಕಾಪಿ ಬೇರೆ ಕಡೆ ಇಡಿ. ಏನು ಸಿಕ್ಕಿತು ಅಂತ ಕಾಮೆಂಟ್‌ನಲ್ಲಿ ಹೇಳಿ, ನುಡಿ ಫೈಲ್ ಸಿಕ್ಕಿದವರು ಖಂಡಿತ ಹೇಳಿ.

#ಯುನಿಕ್ಸ್ #ಕಂಪ್ಯೂಟರ್_ಇತಿಹಾಸ #ಕನ್ನಡದಲ್ಲಿ_ಟೆಕ್ #ಬಿಕಾಂ_ಹುಡುಗನ_ಟಿಪ್ಪಣಿ