ದಕ್ಷಿಣ ಪಿನಾಕಿನಿ: ಕ್ಷಾಮ, ಕಲಹ, ಸಂಧಾನ

ನಾಡಿನ ಚರಿತ್ರೆಯನ್ನು ಅರಸುಮನೆತನಗಳ ಏಳುಬೀಳುಗಳಿಂದ ಅಳೆಯುವುದು ವಾಡಿಕೆ. ಹೊಸೂರು ಸೀಮೆಯಂತಹ ಮಳೆಯನ್ನೇ ನಂಬಿದ ಪ್ರದೇಶದ ಚರಿತ್ರೆಯನ್ನು ಅರಿಯಬೇಕಾದರೆ, ಮಳೆ ಬಂದ ವರ್ಷಗಳನ್ನೂ ಬಾರದ ವರ್ಷಗಳನ್ನೂ ಎಣಿಸಬೇಕಾಗುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಹೊಸಕೋಟೆಯನ್ನು ಹಾದು, ನಮ್ಮ ಹೊಸೂರು ತಾಲ್ಲೂಕನ್ನು ಹೊಕ್ಕು, ಕೆಲವರಪಳ್ಳಿ, ಕೃಷ್ಣಗಿರಿ, ಸಾತನೂರು ಜಲಾಶಯಗಳನ್ನು ತುಂಬಿ, ಕಡಲೂರಿನ ಬಳಿ ಸಮುದ್ರವನ್ನು ಸೇರುವ ನದಿಯನ್ನು ಕನ್ನಡಿಗರು ದಕ್ಷಿಣ ಪಿನಾಕಿನಿಯೆಂದೂ ತಮಿಳರು ತೆನ್‌ಪೆಣ್ಣೈಯೆಂದೂ ಕರೆಯುತ್ತಾರೆ. ಹೆಸರು ಎರಡಾದರೂ ನೀರು ಒಂದೇ. ಆ ನೀರು ಕಡಿಮೆಯಾದಾಗ ಮನುಷ್ಯರು ಹೇಗೆ ನಡೆದುಕೊಂಡರು ಎಂಬುದನ್ನು ಈ ಲೇಖನದಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಇದು ವರ್ಷವಿಡೀ ತುಂಬಿ ಹರಿಯುವ ಹೊಳೆಯಲ್ಲ. ಆದಕಾರಣ ನಮ್ಮ ಹಿರಿಯರು ಏರಿಳಿತದ ಈ ನೆಲದಲ್ಲಿ ಹಳ್ಳಹಳ್ಳಕ್ಕೂ ಅಡ್ಡಲಾಗಿ ಕೆರೆಗಳನ್ನು ಕಟ್ಟಿದರು. ಒಂದರ ಕೋಡಿ ಮತ್ತೊಂದಕ್ಕೆ ಹರಿಯುವಂತೆ ಅವು ಸಾಲುಗಟ್ಟಿ ನಿಂತವು. ಕೆರೆಯನ್ನು ಕಟ್ಟಿಸಿದವರಿಗೂ ಕಾಪಾಡಿದವರಿಗೂ ಬಿಟ್ಟ ಭೂಮಿಯನ್ನು ಶಾಸನಗಳು ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಕರೆದಿವೆ. ತೂಬನ್ನು ತೆರೆದು ಮುಚ್ಚುವ ಅಧಿಕಾರ ನೀರುಗಂಟಿಯದು. ಕೆರೆ ಅರೆ ತುಂಬಿದ ವರ್ಷ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ಊರಿನ ಎದುರಿಗೆ ನಡೆಸಿಕೊಡುತ್ತಿದ್ದವನು ಅವನೇ. ಕೊರತೆಯನ್ನೂ ಹಂಚಿಕೊಳ್ಳಬೇಕು ಎಂಬ ನೀತಿ ಹೀಗೆ ನಮ್ಮಲ್ಲಿ ಹಳ್ಳಿಯ ಮಟ್ಟದಲ್ಲಿ ರೂಢಿಯಾಗಿದ್ದಿತು.

೧೮೭೬ರಲ್ಲಿ ಮಳೆ ಸಂಪೂರ್ಣವಾಗಿ ಕೈಕೊಟ್ಟಿತು. ಮರುವರ್ಷವೂ ಸಂಕಟ ತಪ್ಪಲಿಲ್ಲ. ಕನ್ನಡ ನಾಡಿನಲ್ಲಿ ಇದು ಧಾತು ಈಶ್ವರ ಸಂವತ್ಸರಗಳ ಬರವೆಂದು ಹೆಸರಾಯಿತು. ತಮಿಳರೂ ಇದನ್ನು ಧಾತು ವರ್ಷದ ಪಂಜವೆಂದೇ ನೆನೆಯುತ್ತಾರೆ. ದೂರದ ಶಾಂತಸಾಗರದ ನೀರು ಕಾಯ್ದು ನಮ್ಮ ಮಾರುತಗಳು ಸೊರಗುವ ‘ಎಲ್ ನಿನೊ’ ಎಂಬ ವಿದ್ಯಮಾನವು ಆ ಕಾಲದಲ್ಲಿ ಪ್ರಬಲವಾಗಿದ್ದಿತೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಆದರೆ ಸಾವಿನ ಹೊಣೆಯನ್ನೆಲ್ಲ ಆಕಾಶದ ಮೇಲೆ ಹೊರಿಸುವಂತಿಲ್ಲ. ಧಾನ್ಯದ ಬೆಲೆ ಗಗನಕ್ಕೇರಿದಾಗಲೂ ದೇಶದಿಂದ ಧಾನ್ಯದ ರಫ್ತು ನಿಲ್ಲಲಿಲ್ಲ. ೧೮೭೭ರಲ್ಲಿ ಸರ್ ರಿಚರ್ಡ್ ಟೆಂಪಲ್ಲನು ಪರಿಹಾರ ಕಾಮಗಾರಿಗಳ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಿದನು. ೧೮೭೧ರಲ್ಲಿ ೫೦ ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರ ಗಣತಿಯಲ್ಲಿ ೪೨ ಲಕ್ಷಕ್ಕಿಂತ ಕೆಳಗಿಳಿಯಿತು. ಹೊಸೂರನ್ನು ಒಳಗೊಂಡಿದ್ದ ಅಂದಿನ ಸೇಲಂ ಜಿಲ್ಲೆಯೂ ಇದೇ ಬವಣೆಯನ್ನು ಅನುಭವಿಸಿತು. ಆ ಕ್ಷಾಮದ ಬೆನ್ನಿಗೇ, ೧೮೭೮ರ ಡಿಸೆಂಬರ್ ೧೦ರಂದು, ತೊರಪಲ್ಲಿ ಅಗ್ರಹಾರದಲ್ಲಿ ಚಕ್ರವರ್ತಿ ರಾಜಗೋಪಾಲಾಚಾರ್ಯರು ಜನಿಸಿದರು.

ಬರದ ಪಾಠವನ್ನು ಮೈಸೂರು ಸಂಸ್ಥಾನವು ತನ್ನದೇ ರೀತಿಯಲ್ಲಿ ಕಲಿತುಕೊಂಡಿತು. ೧೮೮೩ರಲ್ಲಿ ದಿವಾನರಾದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೆರೆಗಳ ದುರಸ್ತಿಗೂ ಹೊಸ ನೀರಾವರಿ ಕೆಲಸಗಳಿಗೂ ಗಮನ ಹರಿಯಿತು. ಮೇಲೆ ನೀರು ನಿಂತರೆ ಕೆಳಗೆ ಬರುವುದೇನು ಎಂಬ ಕಳವಳ ಮದರಾಸು ಸರಕಾರಕ್ಕೆ ಸಹಜವಾಗಿಯೇ ಉಂಟಾಯಿತು. ಮೇಲಿನವರ ಭಯ ಬರದ್ದು, ಕೆಳಗಿನವರ ಭಯ ಮೇಲಿನವರದ್ದು. ಮಾತುಕತೆಗಳ ತರುವಾಯ ೧೮೯೨ರ ಫೆಬ್ರವರಿ ೧೮ರಂದು ಒಡಂಬಡಿಕೆಯಾಯಿತು. ಅದರಲ್ಲಿ ಹೆಸರಿಸಿದ ನದಿಗಳಲ್ಲಿ ದಕ್ಷಿಣ ಪಿನಾಕಿನಿಯೂ ಒಂದು. ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಅಲ್ಲಿ ಹೊಸ ಜಲಾಶಯಗಳನ್ನು ಕಟ್ಟತಕ್ಕದ್ದಲ್ಲವೆಂದೂ, ತನಗೆ ಈಗಾಗಲೇ ಪ್ರಾಪ್ತವಾಗಿರುವ ಹಕ್ಕಿನ ರಕ್ಷಣೆಗಾಗಿ ಹೊರತು ಮದರಾಸು ಒಪ್ಪಿಗೆಯನ್ನು ತಡೆಯತಕ್ಕದ್ದಲ್ಲವೆಂದೂ ತೀರ್ಮಾನವಾಯಿತು. ಕಲಹವನ್ನು ನಿಯಮಕ್ಕೆ ಒಳಪಡಿಸಿದ್ದು ಈ ಒಡಂಬಡಿಕೆಯ ಗುಣ. ಮಳೆ ಸೋತ ವರ್ಷ ಇದ್ದಷ್ಟು ನೀರನ್ನು ಹಂಚುವುದು ಹೇಗೆಂದು ಹೇಳದೆ ಬಿಟ್ಟದ್ದು ಅದರ ದೋಷ. ನೀರುಗಂಟಿಗೆ ತಿಳಿದಿದ್ದ ಮಾತು ಎರಡು ಸರಕಾರಗಳ ಕಾಗದದಲ್ಲಿ ಸೇರದೆ ಹೋಯಿತು.

ಈ ಲೋಪದ ಫಲವನ್ನು ನಾವು ಹೆಚ್ಚಾಗಿ ಉಂಡದ್ದು ಕಾವೇರಿಯ ವಿಷಯದಲ್ಲಿ. ೧೯೨೪ರ ಕಾವೇರಿ ಒಪ್ಪಂದದ ತರುವಾಯ ಹುಟ್ಟಿದ ವ್ಯಾಜ್ಯವು ೧೯೯೦ರಲ್ಲಿ ನ್ಯಾಯಾಧಿಕರಣದ ಮುಂದೆ ಬಂದಿತು. ೧೯೯೧ರ ಜೂನ್‌ನಲ್ಲಿ ಅದು ತಮಿಳುನಾಡಿಗೆ ವರ್ಷಕ್ಕೆ ೨೦೫ ಟಿ.ಎಂ.ಸಿ. ಅಡಿ ನೀರು ಬಿಡಬೇಕೆಂದು ಮಧ್ಯಂತರ ಆದೇಶವನ್ನಿತ್ತಿತು. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಗಲಭೆಗಳಾಗಿ ಪ್ರಾಣಗಳು ಹೋದವು. ಬಹು ಕುಟುಂಬಗಳು ಊರು ಬಿಟ್ಟವು. ಆ ವರ್ಷ ಕಾವೇರಿಗೆ ಬರವೇನೂ ಇರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ನೀರಿನ ಕೊರತೆಗಿಂತ ಕೊರತೆಯ ಭಯವೇ ಅಲ್ಲಿ ಕೆಲಸ ಮಾಡಿತು. ೨೦೧೬ರಲ್ಲಾದರೋ ಮಳೆಯೂ ಕಡಿಮೆಯಾಗಿದ್ದಿತು. ಆ ಸೆಪ್ಟೆಂಬರಿನಲ್ಲಿ ಬಸ್ಸುಗಳು ಗಡಿಯಲ್ಲೇ ನಿಂತುಹೋಗಿ, ಅತ್ತಿಬೆಲೆಗೂ ಜೂಜುವಾಡಿಗೂ ನಡುವೆ ಜನರು ಗಂಟುಮೂಟೆಗಳನ್ನು ಹೊತ್ತು, ಮಕ್ಕಳನ್ನು ಎತ್ತಿಕೊಂಡು, ಕಾಲ್ನಡಿಗೆಯಲ್ಲಿ ಗಡಿ ದಾಟಬೇಕಾಯಿತು. ರಾಜಧಾನಿಗಳಲ್ಲಿ ಎದ್ದ ಕಿಚ್ಚು ಮೊದಲು ತಗಲುವುದು ಗಡಿಯ ಮನೆಗಳಿಗೆ. ಒಕ್ಕಲಿನ ಮಗಳನ್ನು ಆನೇಕಲ್ಲಿಗೆ ಕೊಟ್ಟವರು, ಬೆಂಗಳೂರಿನ ಕಾರ್ಖಾನೆಗೆ ದಿನವೂ ಹೋಗಿಬರುವವರು ಯಾವ ಪಕ್ಷವನ್ನು ಸೇರಬೇಕು? ೨೦೧೩ರಲ್ಲಿ ಹೊಗೇನಕಲ್ ಯೋಜನೆ ಆರಂಭವಾದ ಮೇಲೆ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಕುಡಿಯುವ ನೀರಿಗೂ ಕಾವೇರಿಯೇ ಆಧಾರವಾಗಿದೆ.

ದಕ್ಷಿಣ ಪಿನಾಕಿನಿಯೂ ಈಗ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದೆ. ಅದರ ಉಪನದಿಯಾದ ಮಾರ್ಕಂಡೇಯಕ್ಕೆ ಯರಗೋಳಿನ ಬಳಿ, ಕೋಲಾರ, ಬಂಗಾರಪೇಟೆ, ಮಾಲೂರುಗಳ ಕುಡಿಯುವ ನೀರಿಗಾಗಿ, ಕರ್ನಾಟಕವು ಅಣೆಕಟ್ಟನ್ನು ಕಟ್ಟಿತು. ೧೮೯೨ರ ಒಡಂಬಡಿಕೆಯನ್ನು ಮುಂದಿಟ್ಟು ತಮಿಳುನಾಡು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ೨೦೧೯ರ ನವೆಂಬರ್ ೧೪ರಂದು ನ್ಯಾಯಾಲಯವು ತಡೆಯಾಜ್ಞೆ ನೀಡದೆ, ೧೯೫೬ರ ಕಾಯಿದೆಯಂತೆ ನ್ಯಾಯಾಧಿಕರಣವನ್ನು ಕೇಳುವ ದಾರಿಯನ್ನು ತೋರಿಸಿತು. ನೀರಿನ ಅಳತೆಯೊಡನೆ ನೀರಿನ ಶುದ್ಧಿಯೂ ವ್ಯಾಜ್ಯದ ವಿಷಯವಾಗಿದೆ. ಬೆಂಗಳೂರಿನ ಕೊಳಚೆ ಹರಿದು ಬಂದು ಕೆಲವರಪಳ್ಳಿಯಲ್ಲಿ ನೊರೆಯಾಗಿ ಏಳುವುದನ್ನು ನಮ್ಮವರು ಕಣ್ಣಾರೆ ಕಂಡಿದ್ದಾರೆ. ಬರದ ಭೀತಿಯಿಂದ ಬಳಲುವ ಕೋಲಾರದ ರೈತನೂ, ಕೊಳೆಯ ನೀರಿನಿಂದ ಬಳಲುವ ಹೊಸೂರಿನ ರೈತನೂ ಒಂದೇ ಹೊಳೆಯ ಮಕ್ಕಳು.

ಇವೆಲ್ಲಕ್ಕೂ ಮೇಲೆ ಹವಾಮಾನವೇ ಬದಲಾಗುತ್ತಿದೆ. ಕಲ್ಲಿದ್ದಲು, ಎಣ್ಣೆಗಳ ಹೊಗೆಯಿಂದ ಭೂಮಿ ಕಾಯ್ದಷ್ಟೂ ಗಾಳಿಯು ಹೆಚ್ಚು ನೀರಾವಿಯನ್ನು ಹೊರುತ್ತದೆ. ಸುರಿದಾಗ ಮಳೆ ವಿಪರೀತವಾಗಿ ಸುರಿಯುತ್ತದೆ, ಒಣಗುವಾಗ ನೆಲ ಬೇಗ ಒಣಗುತ್ತದೆ. ೨೦೨೩ರಲ್ಲಿ ಕರ್ನಾಟಕದ ೨೦೦ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಕಾವೇರಿಗಾಗಿ ಬಂದ್‌ಗಳು ನಡೆದವು. ಮರುವರ್ಷದ ಡಿಸೆಂಬರಿನ ಮೊದಲಲ್ಲಿ ಫೆಂಗಲ್ ಚಂಡಮಾರುತದ ಮಳೆ ನಮ್ಮ ಜಿಲ್ಲೆಯ ಊತಂಗರೆಯಲ್ಲಿ ಒಂದೇ ದಿನಕ್ಕೆ ಸುಮಾರು ೫೦ ಸೆಂಟಿಮೀಟರ್ ಸುರಿಯಿತು. ಸಾತನೂರಿನಿಂದ ಸೆಕೆಂಡಿಗೆ ಒಂದೂವರೆ ಲಕ್ಷ ಘನ ಅಡಿಗೂ ಮೀರಿ ನೀರು ಬಿಡಬೇಕಾಗಿ ಬಂದು, ಕೆಳಗಣ ಜಿಲ್ಲೆಗಳು ಮುಳುಗಿದವು. ಮಳೆಯ ಸರಾಸರಿಯನ್ನು ನಂಬಿ ಬರೆದ ಲೆಕ್ಕಗಳು ಇಂತಹ ಕಾಲಕ್ಕೆ ಸಾಲವು. ೨೦೦೭ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಲಿಯೇ ಮೊದಲ ಬಾರಿಗೆ ಹವಾಮಾನದ ಬದಲಾವಣೆಯನ್ನು ಶಾಂತಿ ಮತ್ತು ಭದ್ರತೆಯ ಪ್ರಶ್ನೆಯಾಗಿ ಚರ್ಚಿಸಿತು.

ಹಾಗಾದರೆ ಸಂಧಾನಕ್ಕೆ ಮಾರ್ಗವಿಲ್ಲವೇ? ಇದೆ, ಅದರ ಗುರುತುಗಳೂ ಚರಿತ್ರೆಯಲ್ಲಿವೆ. ೨೦೦೭ರ ಕಾವೇರಿ ತೀರ್ಪಿನಲ್ಲಿ, ನೀರು ಕಡಿಮೆಯಾದ ವರ್ಷ ಎಲ್ಲ ರಾಜ್ಯಗಳ ಪಾಲನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕೆಂಬ ತತ್ತ್ವವು ಸೇರಿತು. ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ತರುವಾಯ, ಅದನ್ನು ನಡೆಸಲು ಪ್ರಾಧಿಕಾರವೊಂದು ಏರ್ಪಟ್ಟಿತು. ಇದಕ್ಕಿಂತಲೂ ಹೃದಯಕ್ಕೆ ಹತ್ತಿರವಾದುದು ೨೦೦೩ರಲ್ಲಿ ಹುಟ್ಟಿದ ‘ಕಾವೇರಿ ಕುಟುಂಬ’. ಮದರಾಸಿನ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಪ್ರೇರಣೆಯಿಂದ ಎರಡು ರಾಜ್ಯಗಳ ರೈತರು ಒಂದುಗೂಡಿ, ಒಬ್ಬರ ಹೊಲಗದ್ದೆಗಳನ್ನು ಮತ್ತೊಬ್ಬರು ಹೋಗಿ ಕಂಡರು. ವ್ಯಾಜ್ಯ ಅದರಿಂದ ಮುಗಿಯಲಿಲ್ಲ. ಆದರೂ ಒಣಗಿದ ಪೈರನ್ನು ಕಣ್ಣಾರೆ ಕಂಡವನಿಗೆ ಅದರ ಒಡೆಯನನ್ನು ಶತ್ರುವೆಂದು ಭಾವಿಸುವುದು ಕಷ್ಟ.

ಇಂತಹ ಕಾರ್ಯಕ್ಕೆ ಗಡಿನಾಡ ಕನ್ನಡಿಗರಷ್ಟು ಯೋಗ್ಯರು ವಿರಳ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಆಡುವ ನಮಗೆ ಎರಡೂ ದಡದ ಅಳಲು ಅನುವಾದವಿಲ್ಲದೆ ತಿಳಿಯುತ್ತದೆ. ನಮ್ಮ ಸಂಘಗಳು ರಾಜ್ಯೋತ್ಸವವನ್ನು ಆಚರಿಸುವಷ್ಟೇ ಶ್ರದ್ಧೆಯಿಂದ ಊರಿನ ಕೆರೆಗಳ ಪಟ್ಟಿಯನ್ನು ಬರೆದಿಡಲಿ. ಶಾಲೆಯ ಮಕ್ಕಳು ಮಳೆಯನ್ನು ಅಳೆದು ದಾಖಲಿಸಲಿ. ಮೇಲಿನ ಮಾಲೂರಿನ ರೈತರನ್ನೂ ಕೆಳಗಿನ ಕೃಷ್ಣಗಿರಿಯ ರೈತರನ್ನೂ ವರ್ಷಕ್ಕೊಮ್ಮೆ ಒಂದೇ ಚಾವಡಿಯಲ್ಲಿ ಕೂರಿಸಲಿ. ಮುಂದಿನ ಬರ ಯಾವ ಸಂವತ್ಸರದಲ್ಲಿ ಬರುವುದೆಂದು ಬಲ್ಲವರಿಲ್ಲ. ಅದು ಬರುವ ಮುನ್ನವೇ ಈ ಮಾತುಕತೆ ಆರಂಭವಾಗಿರಬೇಕು.