ಮರಳಿ ಬಂದ ತೂಕ: ಒಂದು ಶಸ್ತ್ರಚಿಕಿತ್ಸೆಯ ಉಳಿದರ್ಧ ಚರಿತ್ರೆ

ಈಜಿಪ್ಟಿನಿಂದ ಹೊರಟ ಸರಕು ವಿಮಾನವೊಂದು 2017ರ ಫೆಬ್ರವರಿ 11ರಂದು ಮುಂಬಯಿಯಲ್ಲಿ ಬಂದಿಳಿಯಿತು. ಅದರಲ್ಲಿದ್ದದ್ದು ಸರಕಲ್ಲ, ಅಲೆಕ್ಸಾಂಡ್ರಿಯಾ ನಗರದ ಎಮಾನ್ ಅಹ್ಮದ್ ಎಂಬ ಮೂವತ್ತಾರು ವರ್ಷದ ಹೆಣ್ಣುಮಗಳು. ಆಕೆಯ ತೂಕ ಸುಮಾರು 500 ಕಿಲೋ ಎಂದು ಪತ್ರಿಕೆಗಳು ಬರೆದವು. ಚರ್ನಿ ರೋಡಿನ ಸೈಫಿ ಆಸ್ಪತ್ರೆಗೆ ಆಕೆಯನ್ನು ಕ್ರೇನಿನಿಂದ ಎತ್ತಿ ಒಳಗೊಯ್ದ ದೃಶ್ಯವನ್ನು ನಾವೆಲ್ಲ ಟಿವಿಯಲ್ಲಿ ಕಂಡೆವು. ಮಾರ್ಚ್ 7ರಂದು ಡಾ. ಮುಫಝಲ್ ಲಕ್ಡಾವಾಲಾ ಅವರ ತಂಡ ಆಕೆಯ ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆ ನಡೆಸಿತು. ಆಮೇಲಿನ ಎರಡು ತಿಂಗಳು ಆಕೆ ಎಷ್ಟು ಇಳಿದರೆಂಬುದು ಲೋಕಲ್ ಗಾಡಿಯ ಮಾತುಕತೆಯಲ್ಲಿ ಕ್ರಿಕೆಟ್ ಸ್ಕೋರಿನ ಸ್ಥಾನ ಪಡೆದಿತ್ತು. ಮೇ 4ರಂದು ಅವರನ್ನು ಅಬುಧಾಬಿಗೆ ಕರೆದೊಯ್ದರು. ಅದೇ ವರ್ಷದ ಸೆಪ್ಟೆಂಬರ್ 25ರಂದು ಅಲ್ಲಿಯೇ ತೀರಿಕೊಂಡರು.

ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಈ ನಗರದ ಮನೆಮನೆಗೆ ಪರಿಚಯವಾದದ್ದು ಹೀಗೆ, ಇಳಿಯುತ್ತ ಹೋಗುವ ಒಂದು ಸಂಖ್ಯೆಯಾಗಿ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸಾವಿರಾರು ಸಾಮಾನ್ಯರಲ್ಲಿ ಆ ಸಂಖ್ಯೆ ಐದು, ಎಂಟು, ಹತ್ತು ವರ್ಷಗಳ ಬಳಿಕ ಏನಾಗುತ್ತದೆ ಎಂಬುದು ಸುದ್ದಿಯಾಗುವುದಿಲ್ಲ. ಹಲವರಲ್ಲಿ ಅದು ಮತ್ತೆ ಏರುತ್ತದೆ. ಆ ಏರಿಕೆಗೂ ಒಂದು ಚರಿತ್ರೆಯಿದೆ, ಮತ್ತು ಅದು ಶಸ್ತ್ರಚಿಕಿತ್ಸೆಗಿಂತಲೂ ತುಸು ಹಳೆಯದು.

ಅದರ ಆರಂಭ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ. ಎರಡನೆಯ ಮಹಾಯುದ್ಧದ ಕೊನೆಯ ಹಂತದಲ್ಲಿ, ಹಸಿದ ಯುರೋಪಿಗೆ ಮತ್ತೆ ಉಣ್ಣಿಸುವ ಬಗೆ ಹೇಗೆಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞ 36 ಮಂದಿ ಯುವಕರನ್ನು ಅಲ್ಲಿಯ ಫುಟ್‌ಬಾಲ್ ಕ್ರೀಡಾಂಗಣದ ಅಡಿಯಲ್ಲಿದ್ದ ತನ್ನ ಪ್ರಯೋಗಾಲಯಕ್ಕೆ ಕರೆತಂದ. ಯುದ್ಧದಲ್ಲಿ ಆಯುಧ ಹಿಡಿಯುವುದಿಲ್ಲವೆಂದು ಆತ್ಮಸಾಕ್ಷಿಯ ಕಾರಣ ಕೊಟ್ಟು ಹಿಂದೆ ಸರಿದವರು ಅವರು. 24 ವಾರಗಳ ಅರೆಹೊಟ್ಟೆಯಲ್ಲಿ ಅವರ ತೂಕ ಕಾಲುಭಾಗದಷ್ಟು ಇಳಿಯಿತು. ಕುತೂಹಲದ ಸಂಗತಿ ಆ ಬಳಿಕದ್ದು. ಊಟ ಮರಳಿ ಸಿಕ್ಕಾಗ ಅವರ ಹಸಿವು ತಣಿಯಲಿಲ್ಲ. ಹೊಟ್ಟೆ ತುಂಬಿದ ಮೇಲೂ ಉಣ್ಣುತ್ತಿದ್ದರು. ಮೈಯ ಕೊಬ್ಬು ಮೊದಲಿದ್ದ ಮಟ್ಟವನ್ನೂ ದಾಟಿತು. ಅವರಾರೂ ಸ್ಥೂಲಕಾಯರಲ್ಲ, ಸಂಯಮವಿಲ್ಲದವರಂತೂ ಅಲ್ಲವೇ ಅಲ್ಲ. ಕೀಸ್ ಇದನ್ನೆಲ್ಲ 1950ರಲ್ಲಿ ಎರಡು ಬೃಹತ್ ಸಂಪುಟಗಳಾಗಿ ಪ್ರಕಟಿಸಿದ.

ನಾಲ್ಕೇ ವರ್ಷಗಳ ನಂತರ, 1954ರಲ್ಲಿ, ಅದೇ ವಿಶ್ವವಿದ್ಯಾಲಯದ ಆರ್ನಾಲ್ಡ್ ಕ್ರೆಮೆನ್ ಮತ್ತು ಜಾನ್ ಲಿನ್ನರ್ ಅವರ ತಂಡ ಸಣ್ಣ ಕರುಳಿನ ಬಹುಭಾಗವನ್ನು ಬಳಸಿಹೋಗುವಂತೆ ಜೋಡಿಸುವ ಶಸ್ತ್ರಕ್ರಿಯೆಯನ್ನು ವರದಿ ಮಾಡಿತು. ಉಂಡದ್ದು ಮೈಗೆ ಹತ್ತದೆ ಹೊರಹೋಗುವುದರಿಂದ ತೂಕ ಇಳಿಯುತ್ತಿತ್ತು. ಜೊತೆಗೆ ಭೇದಿ, ಮೂತ್ರಪಿಂಡದ ಕಲ್ಲು, ಯಕೃತ್ತಿನ ವೈಫಲ್ಯ ಬರುತ್ತಿದ್ದವು. ಜೀವ ಉಳಿಸಲೆಂದು ಕರುಳನ್ನು ಮೊದಲಿನಂತೆ ಜೋಡಿಸಿದರೆ ತೂಕ ಮರಳುತ್ತಿತ್ತು. ದೇಹ ತಾನು ಕಳೆದುಕೊಂಡ ತೂಕವನ್ನು ಮರಳಿ ಕೇಳುತ್ತದೆ ಎಂಬ ಅರಿವು, ತೂಕವನ್ನು ಕತ್ತರಿಯಿಂದ ಇಳಿಸಬಹುದೆಂಬ ಅರಿವು, ಎರಡೂ ಒಂದೇ ಆವರಣದಲ್ಲಿ ಒಂದೇ ದಶಕದಲ್ಲಿ ಹುಟ್ಟಿದವು. ಎರಡನೆಯದಕ್ಕೆ ಸಿಕ್ಕ ಪ್ರಚಾರ ಮೊದಲನೆಯದಕ್ಕೆ ಸಿಗಲಿಲ್ಲ.

ಇವೆರಡನ್ನೂ ಒಟ್ಟಿಗೆ ನೋಡಿದವರಲ್ಲಿ ನನಗೆ ಗೌರವವಿರುವುದು ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಅವರ ಮೇಲೆ. ಹುಣ್ಣಿನ ಕಾರಣಕ್ಕೆ ಜಠರದ ಒಂದು ಭಾಗವನ್ನು ಕಳೆದುಕೊಂಡವರು ದಪ್ಪವಾಗುವುದಿಲ್ಲ ಎಂಬುದು ಅವರ ಗಮನಕ್ಕೆ ಬಂದಿತ್ತು. ಆ ಸುಳಿವು ಹಿಡಿದು 1966ರಲ್ಲಿ ಚಿಕಾಶಿ ಇಟೊ ಅವರೊಡನೆ ಗ್ಯಾಸ್ಟ್ರಿಕ್ ಬೈಪಾಸ್ ಆರಂಭಿಸಿದರು. ವರ್ಷಗಳು ಕಳೆದಂತೆ ಚಿಕ್ಕದಾಗಿ ಉಳಿಸಿದ ಜಠರದ ಚೀಲ ಹಿಗ್ಗುವುದು, ಅದರ ಹೊರದಾರಿ ಅಗಲವಾಗುವುದು ಕಂಡಿತು. 1980ರಲ್ಲಿ ಅವರು ರೂಪಿಸಿದ ಮತ್ತೊಂದು ವಿಧಾನದಲ್ಲಿ ಆ ಹೊರದಾರಿಗೆ ಹಿಗ್ಗದಂತೆ ಪಟ್ಟಿಯೊಂದನ್ನು ಬಿಗಿದರು. ದೇಹ ಅದಕ್ಕೂ ದಾರಿ ಹುಡುಕಿತು. ಪಟ್ಟಿಯೊಳಗಿಂದ ರೊಟ್ಟಿ, ಮಾಂಸ ಇಳಿಯುವುದು ಕಷ್ಟ. ಐಸ್‌ಕ್ರೀಮು, ಸಿಹಿಪಾನಕ ಸರಾಗವಾಗಿ ಇಳಿಯುತ್ತವೆ. ಸಿಹಿ ಇಷ್ಟಪಡುವವರಿಗೆ ಈ ವಿಧಾನ ಒದಗುವುದಿಲ್ಲವೆಂದು ವರ್ಜೀನಿಯಾದ ಹಾರ್ವೆ ಶುಗರ್‌ಮನ್ 1987ರಲ್ಲಿ ತೋರಿಸಿಕೊಟ್ಟರು. (ಹೆಸರು ಅವರದೇ, ನನ್ನ ಕುಚೋದ್ಯವಲ್ಲ.) ಮೇಸನ್ ಇದರಿಂದ ಎದೆಗುಂದದೆ, ಶಸ್ತ್ರಚಿಕಿತ್ಸೆಯಾದವರ ಸ್ಥಿತಿಗತಿಯನ್ನು ವರ್ಷಾನುವರ್ಷ ದಾಖಲಿಸುವ ರಾಷ್ಟ್ರೀಯ ನೋಂದಣಿಯನ್ನು 1986ರಲ್ಲಿ ಕಟ್ಟಿದರು. ಕತ್ತರಿಯಷ್ಟೇ ದಫ್ತರವೂ ಮುಖ್ಯವೆಂದು ಬಗೆದ ಆ ಶಸ್ತ್ರವೈದ್ಯರು 2020ರಲ್ಲಿ ನೂರು ತುಂಬಿದ ಮೇಲೆ ತೀರಿಕೊಂಡರು.

ಮುಂಬಯಿಯಲ್ಲಿ ಇದಕ್ಕೆ ದಾರಿಯಾದದ್ದು ಲ್ಯಾಪ್ರೊಸ್ಕೊಪಿ. ಭಾಯಖಳದ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್‌ಟನ್ ಉಡ್ವಾಡಿಯಾ 1972ರಿಂದಲೇ ಹೊಟ್ಟೆಯೊಳಗೆ ದುರ್ಬೀನು ಇಳಿಸಿ ರೋಗ ಪತ್ತೆಹಚ್ಚುತ್ತಿದ್ದರು. 1990ರಲ್ಲಿ ಅಲ್ಲಿಯೇ ದೇಶದ ಮೊದಲ ಲ್ಯಾಪ್ರೊಸ್ಕೊಪಿಕ್ ಪಿತ್ತಕೋಶ ಶಸ್ತ್ರಕ್ರಿಯೆ ನಡೆಸಿದರು. ಬಡವರ ಸರಕಾರಿ ಆಸ್ಪತ್ರೆಯಲ್ಲಿ ಬೇರೂರಿದ ಆ ಕೌಶಲದ ಫಲ ಮುಂದಿನ ಎರಡು ದಶಕಗಳಲ್ಲಿ ಖಾಸಗಿ ಆಸ್ಪತ್ರೆಗಳ ತೂಕ ಇಳಿಸುವ ವಿಭಾಗಗಳಿಗೂ ದಕ್ಕಿತು. ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ಬಾಳೆಕಾಯಿಯಂಥ ಕೊಳವೆಯನ್ನು ಮಾತ್ರ ಉಳಿಸುವ ಸ್ಲೀವ್ ವಿಧಾನ ಹೆಚ್ಚು ಪ್ರಚಲಿತವಾಯಿತು. ಇದನ್ನು ಮೊದಲು ಬಳಸಿದ್ದು ಅತಿಸ್ಥೂಲರಲ್ಲಿ, ದೊಡ್ಡ ಶಸ್ತ್ರಕ್ರಿಯೆಗೆ ಮುಂಚಿನ ಒಂದು ಹಂತವಾಗಿ. ಮೊದಲ ಹಂತದಲ್ಲೇ ತೂಕ ಇಳಿದುದರಿಂದ ಎರಡನೆಯದು ಹಿಂದೆ ಉಳಿಯಿತು, ಮೊದಲನೆಯದೇ ಪೂರ್ಣ ಚಿಕಿತ್ಸೆಯೆನಿಸಿತು. ರಸ್ತೆಬದಿಯ ಫಲಕಗಳಲ್ಲಿ, ಪತ್ರಿಕೆಗಳ ಪುರವಣಿಗಳಲ್ಲಿ ‘ಮೊದಲು’ ಮತ್ತು ‘ಆಮೇಲೆ’ ಎಂಬ ಎರಡು ಭಾವಚಿತ್ರಗಳು ಕಾಣತೊಡಗಿದವು. ಆಮೇಲಿನ ಆಮೇಲೆಗೆ ಅಲ್ಲಿ ಜಾಗವಿರಲಿಲ್ಲ.

ಅದನ್ನು ಎಣಿಸಿದ್ದು ಸ್ವೀಡನ್. ಗೋಥೆನ್‌ಬರ್ಗಿನ ಲಾರ್ಸ್ ಷೋಸ್ಟ್ರೋಮ್ ಅವರ ತಂಡ 1987ರಿಂದ ಶಸ್ತ್ರಚಿಕಿತ್ಸೆಯಾದ 2010 ಮಂದಿಯನ್ನೂ, ಆಗದ 2037 ಮಂದಿಯನ್ನೂ ಹಿಂಬಾಲಿಸಿತು. 2007ರಲ್ಲಿ ಪ್ರಕಟವಾದ ಫಲಿತಾಂಶ ಇದು: ಒಂದೆರಡು ವರ್ಷಗಳಲ್ಲಿ ಬೈಪಾಸ್ ಆದವರು ಮೈತೂಕದ ಶೇ. 32ರಷ್ಟು ಇಳಿದಿದ್ದರು, ಹತ್ತು ವರ್ಷಗಳಿಗೆ ಅದು ಶೇ. 25ಕ್ಕೆ ಬಂದಿತ್ತು. ಮೇಸನ್ ಅವರ ಪಟ್ಟಿ ವಿಧಾನದವರಲ್ಲಿ ಶೇ. 25 ಇದ್ದದ್ದು 16 ಆಗಿತ್ತು. ಅಂದರೆ ಇಳಿದದ್ದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮರಳಿತ್ತು. ಇದನ್ನು ಓದಿ ನಿಟ್ಟುಸಿರಿಡುವ ಮುನ್ನ ಅದೇ ಪ್ರಬಂಧದ ಇನ್ನೊಂದು ಲೆಕ್ಕವನ್ನೂ ನೋಡಬೇಕು. ಸರಾಸರಿ ಹನ್ನೊಂದು ವರ್ಷಗಳಲ್ಲಿ ಶಸ್ತ್ರಚಿಕಿತ್ಸೆಯಾಗದ ಗುಂಪಿನಲ್ಲಿ ತೀರಿಕೊಂಡವರು 129, ಆದವರ ಗುಂಪಿನಲ್ಲಿ 101. ತೂಕದ ಒಂದಂಶ ಮರಳಿ ಬಂದವರೂ ಸೇರಿದ ಗುಂಪು ಅದು. ಆದರೂ ಹೆಚ್ಚು ಮಂದಿ ಬದುಕಿದ್ದರು.

ಹಾಗಾದರೆ ತೂಕ ಮರಳುವುದೇಕೆ? ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಅತಿಸ್ಥೂಲನ ವಿವರಣೆಯಿದೆ. ಮೇದಸ್ಸು ಸ್ರೋತಸ್ಸುಗಳನ್ನು ಅಡ್ಡಗಟ್ಟಿದಾಗ ವಾಯು ಕೋಷ್ಠದಲ್ಲೇ ಸುಳಿದಾಡಿ ಅಗ್ನಿಯನ್ನು ಹೆಚ್ಚಿಸುತ್ತದೆ, ಉಂಡದ್ದು ಬೇಗ ಜೀರ್ಣವಾಗಿ ಮತ್ತೆ ಹಸಿವಾಗುತ್ತದೆ ಎಂಬುದು ಅದರ ತಾತ್ಪರ್ಯ. ಅದರ ಶರೀರಕ್ರಿಯೆಯನ್ನು ಇಂದು ಒಪ್ಪಬೇಕಿಲ್ಲ. ಆದರೆ ಸ್ಥೂಲನ ಹಸಿವು ಚಪಲವಲ್ಲ, ಒಳಗಿನ ಒಂದು ಒತ್ತಾಯ ಎಂಬ ನೋಟ ಅಲ್ಲಿದೆ. ಆ ಒತ್ತಾಯಕ್ಕೆ ಹೆಸರು ಸಿಕ್ಕಿದ್ದು ನಮ್ಮ ಕಾಲದಲ್ಲಿ. ಕೊಬ್ಬಿನ ಕೋಶಗಳು ಮೆದುಳಿಗೆ ಕಳುಹುವ ಲೆಪ್ಟಿನ್ 1994ರಲ್ಲಿ, ಜಠರದಿಂದ ಹೊರಟು ಹಸಿವನ್ನು ಕೆರಳಿಸುವ ಗ್ರೆಲಿನ್ 1999ರಲ್ಲಿ ಗೊತ್ತಾದವು. ಪಥ್ಯದಿಂದ ತೂಕ ಇಳಿಸಿದವರಲ್ಲಿ ಒಂದು ವರ್ಷ ಕಳೆದ ಮೇಲೂ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲವೆಂದು ಮೆಲ್ಬರ್ನಿನ ವೈದ್ಯರು 2011ರಲ್ಲಿ ತೋರಿಸಿದರು. ಸ್ಲೀವ್ ಶಸ್ತ್ರಕ್ರಿಯೆ ಗ್ರೆಲಿನ್ ಹೆಚ್ಚು ಉತ್ಪತ್ತಿಯಾಗುವ ಭಾಗವನ್ನೇ ತೆಗೆದುಹಾಕುವುದರಿಂದ ಪಥ್ಯಕ್ಕಿಂತ ಬಲವಾದದ್ದು. ಆದರೂ ಉಳಿದ ಕೊಳವೆ ಕಾಲಕ್ರಮೇಣ ಹಿಗ್ಗಬಹುದು, ಇಳಿದ ಮೈ ಮೊದಲಿಗಿಂತ ಕಡಿಮೆ ಇಂಧನದಲ್ಲಿ ಬದುಕಲು ಕಲಿತಿರುತ್ತದೆ, ವಯಸ್ಸು, ಮುಟ್ಟು ನಿಲ್ಲುವ ಕಾಲ, ಕೆಲವು ಔಷಧಗಳೂ ತಮ್ಮ ಪಾಲು ಸೇರಿಸುತ್ತವೆ.

ಇದನ್ನು ಬರೆಯುತ್ತಿರುವ ನಾನು ಹನ್ನೊಂದು ವರ್ಷಗಳ ಹಿಂದೆ ಸ್ಲೀವ್ ಮಾಡಿಸಿಕೊಂಡವಳು. 112 ಕಿಲೋ ಇದ್ದವಳು ಒಂದೂವರೆ ವರ್ಷದಲ್ಲಿ 71ಕ್ಕೆ ಇಳಿದೆ. ಈಗ 87. ಬಂಧುಗಳ ಲೆಕ್ಕದಲ್ಲಿ ನಾನು 16 ಕಿಲೋ ಏರಿದವಳು. ಸ್ವೀಡನ್ನಿನ ಲೆಕ್ಕದಲ್ಲಿ ಹಿಡಿದರೆ ಮೂಲ ತೂಕದಲ್ಲಿ ಶೇ. 22ರಷ್ಟನ್ನು ಇಂದಿಗೂ ಕಳೆದುಕೊಂಡೇ ಇರುವವಳು, ಸಕ್ಕರೆ ಕಾಯಿಲೆಯ ಮಾತ್ರೆ ನಾಲ್ಕರಿಂದ ಒಂದಕ್ಕೆ ಇಳಿದವಳು. ಎರಡೂ ನಿಜ. ಧಾರವಾಡದ ಮದುವೆಮನೆಯಲ್ಲಿ ಕೇಳಿಬರುವುದು ಮಾತ್ರ ಮೊದಲನೆಯದೇ: “ಅಷ್ಟು ರೊಕ್ಕಾ ಖರ್ಚು ಮಾಡಿ ಮತ್ತ ದಪ್ಪ ಆದೆಲ್ಲವಾ?” ಕೇಳಿದ ಅತ್ತೆಗೆ ನನ್ನ ಮೇಲೆ ಪ್ರೀತಿಯೇ. ಆದರೆ ಈ ಪ್ರಶ್ನೆಗೆ ಹೆದರಿ ವೈದ್ಯರ ಬಳಿಗೂ ಹೋಗದವರನ್ನು ನಾನು ಬಲ್ಲೆ. ತೂಕದ ಯಂತ್ರದ ಮೇಲೆ ನಿಲ್ಲುವ ನಾಚಿಕೆಗೆ ರಕ್ತಪರೀಕ್ಷೆಯನ್ನೂ ಬಿಡುತ್ತಾರೆ. ಬಿ12, ಕಬ್ಬಿಣ, ಡಿ ಜೀವಸತ್ವಗಳ ಕೊರತೆ ಸದ್ದಿಲ್ಲದೆ ಬೆಳೆಯುತ್ತದೆ. ಮರಳಿದ ಕೊಬ್ಬಿಗಿಂತ ಅಪಾಯಕರವಾದದ್ದು ಇದು.

ಇಂಗ್ಲಿಷ್ ಎಂ.ಎ.ಗೆ ಬೈರನ್ನನ ಕಾವ್ಯ ಓದಿದಾಗ ಅವನ ತೂಕದ ಕಥೆಯನ್ನು ಯಾರೂ ಹೇಳಿರಲಿಲ್ಲ. ಲಂಡನ್ನಿನ ಬೆರ್ರಿ ಸೋದರರ ಮದ್ಯದಂಗಡಿಯ ತಕ್ಕಡಿಯಲ್ಲಿ 1806ರಲ್ಲಿ ಅವನು ತೂಗಿದ್ದು ಸುಮಾರು 88 ಕಿಲೋ. ಉಪವಾಸ, ವಿನಿಗರ್‌ಗಳಿಂದ ಕೆಲವೇ ವರ್ಷಗಳಲ್ಲಿ ಬಹಳ ಇಳಿದ. 1818ರಲ್ಲಿ ವೆನಿಸ್ಸಿನಲ್ಲಿ ಕಂಡವರು ಅವನ ಮುಖ ಊದಿಕೊಂಡಿತ್ತೆಂದು ಬರೆದರು. ಮಹಾಕವಿಯನ್ನೂ ಜನ ಬಿಡಲಿಲ್ಲ.

ಮುಂಬಯಿಯ ದಿನಚರಿಗೂ ಇದರಲ್ಲಿ ಪಾಲಿದೆ. ಕಿರಿದಾದ ಜಠರ ಗಟ್ಟಿ ಆಹಾರಕ್ಕೆ ಬೇಗ ತುಂಬುತ್ತದೆ. ಒಂದು ಜೋಳದ ರೊಟ್ಟಿ, ಒಂದು ಹಿಡಿ ಮಡಕಿಕಾಳಿನ ಪಲ್ಯ ಸಾಕು. ಆದರೆ ಅದನ್ನು ಅಗಿದಗಿದು ತಿನ್ನಲು ಅರ್ಧ ಗಂಟೆ ಬೇಕು. ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್ ಹಿಡಿಯುವವರಿಗೆ ಆ ಅರ್ಧ ಗಂಟೆ ಎಲ್ಲಿಯದು? ಚಹಾದಲ್ಲಿ ಅದ್ದಿದ ಖಾರಿ, ಕಚೇರಿಯ ಹುಟ್ಟುಹಬ್ಬದ ಕೇಕು, ಸಂಜೆಯ ಫರ್ಸಾಣ ಇವೆಲ್ಲ ಕರಗಿ ಜಾರುವ ತಿನಿಸುಗಳು. ಕೊಳವೆಯಲ್ಲಿ ನಿಲ್ಲದೆ ಇಳಿಯುತ್ತವೆ, ಒಂದು ಗಂಟೆಗೆ ಮತ್ತೆ ಹಸಿವು. ಮೇಸನ್ ಅವರ ಪಟ್ಟಿಯನ್ನು ಸೋಲಿಸಿದ ಐಸ್‌ಕ್ರೀಮಿಗೂ ನಮ್ಮ ಶೀರಾಕ್ಕೂ ವ್ಯತ್ಯಾಸವಿಲ್ಲ. ಮಾಟುಂಗಾದ ಉಡುಪಿ ಹೋಟೆಲುಗಳ ಮೂಲಕ ಈ ಊರಿಗೆ ಶೀರಾ ಉಣಿಸಿದ ಹೆಮ್ಮೆ ಕನ್ನಡಿಗರಾದ ನಮಗಿರುವುದರಿಂದ ಈ ಮಾತನ್ನು ಮೆಲ್ಲಗೇ ಹೇಳುತ್ತೇನೆ.

ಸರಕಾರಿ ನೌಕರಳಾದ ನನಗೆ ನಿಯಮಾವಳಿ ಓದುವ ಚಟವಿದೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಬಿಎಂಐ 40 ಇದ್ದರೆ, ಅಥವಾ ಗಂಭೀರ ಕಾಯಿಲೆಗಳೊಡನೆ 35 ಇದ್ದರೆ, ಬೇರೆ ಉಪಾಯಗಳು ಸೋತ ಮೇಲೆ ಈ ಚಿಕಿತ್ಸೆಗೆ ವಿಮೆಯ ರಕ್ಷಣೆ ಉಂಟು. ಈ 40 ಮತ್ತು 35 ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1991ರಲ್ಲಿ ಗೊತ್ತುಮಾಡಿದ ಅಂಕಿಗಳು. ಭಾರತೀಯರ ಮೈಯಲ್ಲಿ ಅದೇ ತೂಕಕ್ಕೆ ಕೊಬ್ಬು ಹೆಚ್ಚೆಂಬ ಕಾರಣಕ್ಕೆ ನಮ್ಮ ವೈದ್ಯರು 2009ರಲ್ಲೇ 37.5 ಮತ್ತು 32.5 ಎಂದಿದ್ದರು. ಅದಿರಲಿ. ಆ ಕಲಮು ಕೇಳುವುದೆಲ್ಲ ಶಸ್ತ್ರಚಿಕಿತ್ಸೆಯ ಮುಂಚಿನ ದೇಹವನ್ನು. ಎಂಟನೆಯ ವರ್ಷದ ದೇಹದ ಬಗ್ಗೆ ಅದರಲ್ಲಿ ಒಂದಕ್ಷರವಿಲ್ಲ.

ತೂಕ ಮರಳಿದವರಿಗೆ ಇಂದು ದಾರಿಗಳಿಲ್ಲವೆಂದಲ್ಲ. ಎಂಡೊಸ್ಕೊಪಿ ಅಥವಾ ಬೇರಿಯಂ ಪರೀಕ್ಷೆಯಿಂದ ಕೊಳವೆ ಹಿಗ್ಗಿದೆಯೇ ಎಂದು ನೋಡುತ್ತಾರೆ. ಎದೆಯುರಿ ತೀವ್ರವಾಗಿದ್ದರೆ ಸ್ಲೀವನ್ನು ಬೈಪಾಸಿಗೆ ಬದಲಿಸುವುದುಂಟು. ಮರುಶಸ್ತ್ರಕ್ರಿಯೆಯಲ್ಲಿ ತೊಡಕಿನ ಸಂಭವ ಮೊದಲನೆಯದಕ್ಕಿಂತ ಹೆಚ್ಚು. ಕೇವಲ ನಾಚಿಕೆಯ ಕಾರಣಕ್ಕೆ ಅದಕ್ಕೆ ಮುಂದಾಗುವುದು ನನಗೆ ಸರಿಕಾಣದು. 2025ರ ಮಾರ್ಚಿನಲ್ಲಿ ಮೌಂಜಾರೊ, ಜೂನಿನಲ್ಲಿ ವೆಗೋವಿ ಎಂಬ ವಾರಕ್ಕೊಮ್ಮೆಯ ಚುಚ್ಚುಮದ್ದುಗಳು ಭಾರತಕ್ಕೆ ಬಂದವು. ಶಸ್ತ್ರಚಿಕಿತ್ಸೆಯ ನಂತರ ಏರಿದವರಿಗೂ ವೈದ್ಯರು ಅವನ್ನು ಕೊಡುತ್ತಿದ್ದಾರೆ. ಫಲಕಗಳ ಉತ್ಸಾಹ ಈಗ ಚುಚ್ಚುಮದ್ದಿನ ಕಡೆ ಹೊರಳಿದೆ. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೆಯ ಎರಡು ಪಾಲು ಒಂದೇ ವರ್ಷದಲ್ಲಿ ಮರಳಿತೆಂದು 2022ರಲ್ಲಿ ಪ್ರಕಟವಾಗಿದೆ. ಕೀಸ್‌ನ ಯುವಕರು ಅದನ್ನು ಓದಿದ್ದರೆ ಬೆರಗಾಗುತ್ತಿರಲಿಲ್ಲ.

ನನ್ನ ವೈದ್ಯರು ಸದ್ಯ ಮದ್ದು ಬೇಡವೆಂದಿದ್ದಾರೆ. ಊಟದಲ್ಲಿ ಮೊದಲು ಕಾಳು ಅಥವಾ ಮೊಟ್ಟೆ, ಕೊನೆಗೆ ಅನ್ನ. ಊಟದ ಜೊತೆ ನೀರಿಲ್ಲ. ವಾರಕ್ಕೆರಡು ದಿನ ಭಾರ ಎತ್ತುವ ವ್ಯಾಯಾಮ. ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ತೂಕದ ಯಂತ್ರದ ಮೇಲೆ ತಿಂಗಳಿಗೊಮ್ಮೆ ನಿಂತು ಅಂಕಿಯನ್ನು ವಹಿಯಲ್ಲಿ ಬರೆಯುತ್ತೇನೆ. ಕಳೆದ ಏಳು ತಿಂಗಳಿಂದ ಅದು 86 ಮತ್ತು 88ರ ನಡುವೆ ಇದೆ.