ಗಂಧದ ಸೋಪಿನ ಹಿಂದಿನ ಪ್ರಯೋಗಾಲಯ

ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹುರಿಹಿಟ್ಟಿನ ಜೊತೆ ನಾಲ್ಕು ಮೈಸೂರ್ ಸ್ಯಾಂಡಲ್ ಸೋಪು ಇದ್ದೇ ಇರುತ್ತವೆ. ಆ ಪರಿಮಳ ನಮ್ಮ ಮನೆಗಳವರೆಗೆ ಬರಲು ಒಂದು ಸಂಸ್ಥಾನ ಏನೆಲ್ಲ ಮಾಡಿತೆಂಬುದು ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೂ ತಿಳಿದಿರಬೇಕು.

ಮೈಸೂರು ಸೀಮೆಯಲ್ಲಿ ಗಂಧದ ಮರ ಟಿಪ್ಪುವಿನ ಕಾಲದಿಂದಲೂ ಸರ್ಕಾರದ ಸೊತ್ತಾಗಿತ್ತು. ಬೇರಿನಲ್ಲಿ ಎಣ್ಣೆ ಹೆಚ್ಚಾದ್ದರಿಂದ ಮರವನ್ನು ಬುಡದಲ್ಲಿ ಕಡಿಯದೆ ಬೇರುಸಮೇತ ಅಗೆದು ತೆಗೆಯುತ್ತಿದ್ದರು. ಕೊರಡುಗಳು ಗಂಧದ ಕೋಠಿಗೆ, ಅಂದರೆ ಸರ್ಕಾರಿ ಉಗ್ರಾಣಕ್ಕೆ ಬಂದು, ಹರಾಜಾಗಿ, ಬಹುಪಾಲು ಜರ್ಮನಿಗೆ ಹೋಗುತ್ತಿದ್ದವು. ಎಣ್ಣೆ ತೆಗೆಯುವ ವಿದ್ಯೆಯೂ ಅಲ್ಲಿಯವರದೇ, ಲಾಭವೂ ಅವರದೇ. 1914ರಲ್ಲಿ ಮಹಾಯುದ್ಧ ಶುರುವಾದದ್ದೇ ತಡ, ಕೊಳ್ಳುವವರಿಲ್ಲದೆ ಗಂಧ ಕೋಠಿಗಳಲ್ಲೇ ರಾಶಿ ಬಿತ್ತು. ಬೊಕ್ಕಸಕ್ಕೂ ಪೆಟ್ಟು ಬಿತ್ತು.

ಆಗ ನಾಲ್ವಡಿ ಕೃಷ್ಣರಾಜ ಒಡೆಯರು ದೊರೆ, ಎಂ. ವಿಶ್ವೇಶ್ವರಯ್ಯನವರು ದಿವಾನರು, ಆಲ್ಫ್ರೆಡ್ ಚಾಟರ್ಟನ್ ಕೈಗಾರಿಕಾ ಇಲಾಖೆಯ ನಿರ್ದೇಶಕರು. ಎಣ್ಣೆಯನ್ನು ನಾವೇ ತೆಗೆಯೋಣ ಎಂದು ಹೊರಟರು. ಆ ಕೆಲಸ ಬಲ್ಲವರು ಬೆಂಗಳೂರಿನಲ್ಲೇ ಇದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಪ್ರಯೋಗಕ್ಕೆ ಕೂತರು. ಗಂಧದ ಚಕ್ಕೆಯನ್ನು ಪುಡಿಮಾಡಿ, ಅದರೊಳಗೆ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿ, ನೀರಿನಿಂದ ಎಣ್ಣೆಯನ್ನು ಬೇರ್ಪಡಿಸಬೇಕು. ಹೇಳುವಷ್ಟು ಸಲೀಸಲ್ಲ ಅದು. ಗಂಧ ತನ್ನ ಎಣ್ಣೆಯನ್ನು ಬೇಗ ಬಿಟ್ಟುಕೊಡುವುದಿಲ್ಲ. ದಿನಗಟ್ಟಲೆ ಹಬೆ ಕೊಡುತ್ತಲೇ ಇರಬೇಕು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆಗಳು ಎದ್ದುನಿಂತವು.

ಯುದ್ಧ ಬಂದ ಮೇಲೆ ಆ ವಿಜ್ಞಾನ ಸಂಸ್ಥೆಯನ್ನು ಕಟ್ಟಲು ಹೊರಟಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಜಮ್‌ಶೆಟ್‌ಜಿ ಟಾಟಾ ವಿಜ್ಞಾನ ಸಂಸ್ಥೆಯ ಕನಸು ಕಂಡಾಗ ಮೈಸೂರನ್ನು ಆಳುತ್ತಿದ್ದವರು ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನ. ಗಂಡನನ್ನು ಕಳೆದುಕೊಂಡು, ಹತ್ತು ವರ್ಷದ ಮಗನ ಪರವಾಗಿ ರಾಜ್ಯಭಾರ ಹೊತ್ತಿದ್ದ ಹೆಣ್ಣುಮಗಳು. ಅವರ ದಿವಾನರಾದ ಶೇಷಾದ್ರಿ ಅಯ್ಯರ್ ಆ ಯೋಜನೆಯ ಬೆನ್ನಿಗೆ ನಿಂತರು. ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು, ವರ್ಷಕ್ಕೆ 50,000 ರೂಪಾಯಿ ಕೊಡಲೂ ಒಪ್ಪಿತು. 1909ರಲ್ಲಿ ಸ್ಥಾಪನೆ, 1911ರಲ್ಲಿ ಮೊದಲ ವಿದ್ಯಾರ್ಥಿಗಳು. ಗಂಧದೆಣ್ಣೆಯ ಯೋಚನೆ ಆಗ ಯಾರಿಗೂ ಇರಲಿಲ್ಲ. ವಿಶ್ವೇಶ್ವರಯ್ಯನವರನ್ನು ನಾವು ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಅವರಿಗೆ ಸಿದ್ಧ ನೆಲ ಒದಗಿಸಿದ ಈ ತಾಯಿಗೆ ನಮ್ಮ ನೆನಪಿನಲ್ಲಿ ಸಲ್ಲಬೇಕಾದಷ್ಟು ಜಾಗ ಸಿಕ್ಕಿಲ್ಲ.

ಮುಂದಿನದು ಸೋಪು. ಸೋಸಲೆ ಗರಳಪುರಿ ಶಾಸ್ತ್ರಿ ಎಂಬ ತರುಣ ರಸಾಯನಶಾಸ್ತ್ರಜ್ಞನನ್ನು ಸರ್ಕಾರ ಇಂಗ್ಲೆಂಡಿಗೆ ಕಳಿಸಿ ಸಾಬೂನು ತಯಾರಿಕೆ ಕಲಿಸಿತು. ಅವರು ಅಲ್ಲೇ ನಿಲ್ಲಲಿಲ್ಲ. ಕಲಿತದ್ದನ್ನು ಊರಿಗೆ ತಂದರು; ಜನ ಅವರನ್ನು ಸೋಪ್ ಶಾಸ್ತ್ರಿ ಎಂದೇ ಕರೆದರು. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸೋಪ್ ಕಾರ್ಖಾನೆ ಆರಂಭವಾಯಿತು.

ಊರಿಗೆ ಹೋದಾಗ, ನಮ್ಮವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಆ ವಿಜ್ಞಾನ ಸಂಸ್ಥೆಯನ್ನು ಮಕ್ಕಳಿಗೆ ತೋರಿಸಿ. ಹಾಗೆಯೇ ನೀವು ಓದಿದ ಹೈಸ್ಕೂಲಿನ ವಿಜ್ಞಾನದ ಕೋಣೆಗೂ ಒಮ್ಮೆ ಹೋಗಿ ಬನ್ನಿ. ಅಲ್ಲಿ ಏನು ಕೊರತೆಯಿದೆಯೆಂದು ಮೇಷ್ಟ್ರನ್ನು ಕೇಳಿ, ಕೈಲಾದದ್ದನ್ನು ಕೊಟ್ಟು ಬನ್ನಿ.